ಕರಿಬೇವಿನ ಹುಳು ಚಿಟ್ಟೆಯಾಗುವ ಮೊದಲೇ ಹೋಗಿಬಿಟ್ಟರೆ: ತೊಂದರೆ ಎಲ್ಲಿದೆ ಅಂತ ಹುಡುಕುವ ಬಗೆ

ಮುಂಬೈ ಪಕ್ಕದ ಡೊಂಬಿವಲಿಯಲ್ಲಿ ನಮ್ಮ ಮನೆ ಮೂರನೇ ಮಹಡಿಯಲ್ಲಿದೆ. ತೋಟ ಅಂದರೆ ಕಿಟಕಿಯ ಗ್ರಿಲ್ಲಿನೊಳಗೆ ಇಟ್ಟ ಏಳು ಕುಂಡ. ಅದರಲ್ಲಿ ಎರಡು ಕರಿಬೇವು, ಒಂದು ನಿಂಬೆ. ಒಂದು ಮಳೆಗಾಲದ ಬೆಳಿಗ್ಗೆ ಒಗ್ಗರಣೆಗೆ ಎಲೆ ಕೀಳಲು ಹೋದ ಅತ್ತೆ ಅಲ್ಲಿಂದಲೇ ಕೂಗಿದರು. "ಏ, ಇಲ್ಲಿ ಬಾರವಾ. ಇದು ಹಕ್ಕಿ ಹಿಕ್ಕಿ ಅಂತ ಮಾಡಿದ್ದೆ, ಹುಳಾ ಅದ ನೋಡು. ಎಲಿ ತಿನ್ಲಿಕ್ಕತ್ತದ." ಧಾರವಾಡದ ಹಿತ್ತಲಲ್ಲಿ ಬೆಳೆದ ಅವರು ಆ ಹುಳುವನ್ನು ಕೊಲ್ಲಲು ಬಿಡಲಿಲ್ಲ. ಅವತ್ತಿನಿಂದ ನಮ್ಮ ಮನೆಯಲ್ಲಿ ಹುಳು ಸಾಕಣೆ ನಡೆದಿದೆ.

ಮೊದಲ ವರ್ಷ ಹನ್ನೊಂದು ಹುಳು ಸಾಕಿದೆವು. ಚಿಟ್ಟೆಯಾಗಿದ್ದು ಎರಡೇ. ಉಳಿದ ಒಂಬತ್ತು ಯಾಕೆ ಹೋದವು ಅಂತ ಒಂದೊಂದನ್ನೇ ನೆನಪಿಸಿಕೊಂಡು ಬರೆದಿಟ್ಟೆ. ಆಗ ಒಂದು ವಿಷಯ ಗೊತ್ತಾಯಿತು. ಅವುಗಳಲ್ಲಿ ಮೂರಕ್ಕೆ ಯಾವ ರೋಗವೂ ಇರಲಿಲ್ಲ. ಅವು ಮಾಡಬೇಕಾದ್ದನ್ನೇ ಮಾಡುತ್ತಿದ್ದವು. ಏನೋ ಆಗಿದೆ ಅಂತ ಹೆದರಿ ನಾನು ಕೈ ಹಾಕಿದೆ, ಅದಕ್ಕೆ ಹೋದವು. ಹಾಗಾಗಿ ಇದನ್ನು ಓದುವಾಗ ಪ್ರತಿ ಸಲವೂ ಮೊದಲು ಇದೊಂದು ಕೇಳಿಕೊಳ್ಳಿ: ಇದು ನಿಜವಾಗಿಯೂ ತೊಂದರೆಯೇ, ಅಥವಾ ಹುಳುವಿನ ಬದುಕಿನಲ್ಲಿ ಬರುವ ಒಂದು ಹಂತವೇ?

ಇದು ಯಾವ ಹುಳು?

ಹುಳು ನೋಡುವ ಮೊದಲು ಗಿಡ ನೋಡಿ. ಕರಿಬೇವಿನ ಹುಳು ಸ್ವಾಲೋಟೇಲ್ ಎಂಬ ಗುಂಪಿನ ಚಿಟ್ಟೆಯದು; ಈ ಗುಂಪಿನ ಹೆಚ್ಚಿನವಕ್ಕೆ ಹಿಂದಿನ ರೆಕ್ಕೆಯಲ್ಲಿ ಬಾಲ ಇರುತ್ತದೆ. ಇವು ಕಂಡ ಗಿಡದಲ್ಲೆಲ್ಲ ಮೊಟ್ಟೆ ಇಡುವುದಿಲ್ಲ. ಕರಿಬೇವು, ನಿಂಬೆ, ಬಿಲ್ವಪತ್ರೆ ಇವೆಲ್ಲ ಒಂದೇ ಕುಟುಂಬದ ಗಿಡಗಳು. ಮುಂಬೈ ಮನೆಗಳಲ್ಲಿ ಇವುಗಳ ಮೇಲೆ ಸಿಗುವುದು ಹೆಚ್ಚಾಗಿ ನಿಂಬೆ ಚಿಟ್ಟೆ, ಇಲ್ಲವೇ ಕಾಮನ್ ಮಾರ್ಮನ್. ಹೌಸಿಂಗ್ ಸೊಸೈಟಿಯ ಕಾಂಪೌಂಡಿನಲ್ಲಿ ಕಂಬದ ಹಾಗೆ ಬೆಳೆಯುವ ಅಶೋಕ, ಸೀತಾಫಲ, ಸಂಪಿಗೆ ಇವುಗಳ ಮೇಲಿದ್ದರೆ ಟೇಲ್ಡ್ ಜೇ. ಅದರ ಹುಳುವಿನ ಎದೆಯ ಭಾಗ ಉಬ್ಬಿರುತ್ತದೆ, ಮೇಲೆ ಚಿಕ್ಕ ಮುಳ್ಳುಗಳಿರುತ್ತವೆ. ಈಶ್ವರಿ ಬಳ್ಳಿಯ ಮೇಲೆ ಕಪ್ಪುಗೆಂಪು ಮೈ, ಮೈತುಂಬ ಮೆತ್ತನೆಯ ಕೆಂಪು ಕೊಂಬುಗಳಿರುವ ಹುಳು ಕಂಡರೆ ಅದು ಕಾಮನ್ ರೋಸ್ ಅಥವಾ ಕ್ರಿಮ್ಸನ್ ರೋಸ್. ನಡುವೆ ಬಿಳಿ ಪಟ್ಟಿ ಇದ್ದರೆ ಕಾಮನ್ ರೋಸ್.

ನಿಂಬೆ ಚಿಟ್ಟೆಯ ಮರಿಹುಳು ಮೊದಲ ನಾಲ್ಕು ಹಂತದಲ್ಲಿ ಕಂದು, ನಡುನಡುವೆ ಬಿಳಿ. ಥೇಟ್ ಹಕ್ಕಿಯ ಹಿಕ್ಕೆ. ಹಕ್ಕಿ ತನ್ನ ಹಿಕ್ಕೆಯನ್ನು ತಾನು ತಿನ್ನುವುದಿಲ್ಲವಲ್ಲ, ಆ ವೇಷವೇ ಅದಕ್ಕೆ ಕಾವಲು. ನಾಲ್ಕನೇ ಸಲ ಪೊರೆ ಬಿಟ್ಟ ಮೇಲೆ ಒಮ್ಮೆಲೇ ಹಸಿರಾಗುತ್ತದೆ. ಬೆನ್ನ ಮೇಲೆ ಗಾಢ ಬಣ್ಣದ ಪಟ್ಟಿ, ಮುಂಭಾಗದಲ್ಲಿ ಕಣ್ಣಿನಂಥ ಎರಡು ಗುರುತು. ಅವು ಕಣ್ಣಲ್ಲ. ನಿಜವಾದ ತಲೆ ಅದಕ್ಕಿಂತ ಕೆಳಗೆ ಅಡಗಿರುತ್ತದೆ. ಕಾಮನ್ ಮಾರ್ಮನ್ ಹುಳುವೂ ಹೆಚ್ಚುಕಡಿಮೆ ಹೀಗೇ ಇರುವುದರಿಂದ ನಾನು ಚಿಟ್ಟೆ ಹೊರಗೆ ಬರುವ ತನಕ ಹೆಸರು ಬರೆಯುವುದಿಲ್ಲ. ಚಿಟ್ಟೆಯಾದ ಮೇಲೆ ಗುರುತಿಸುವುದು ಸುಲಭ. ನಿಂಬೆ ಚಿಟ್ಟೆಗೆ ಸ್ವಾಲೋಟೇಲ್ ಗುಂಪಿನದಾದರೂ ಬಾಲವೇ ಇಲ್ಲ, ಮೈತುಂಬ ಹಳದಿ ಚುಕ್ಕೆ. ಮಾರ್ಮನ್ ಗಂಡಿಗೆ ಕಪ್ಪು ರೆಕ್ಕೆ, ಹಿಂದಿನ ರೆಕ್ಕೆಯಲ್ಲಿ ಬಿಳಿ ಚುಕ್ಕೆಗಳ ಸಾಲು, ಜೊತೆಗೆ ಬಾಲ.

ನಿಂಬೆ ಅಥವಾ ಚಕ್ಕೋತದ ಗಿಡದಲ್ಲಿ ಇದೇ ತರಹದ, ಆದರೆ ಇನ್ನೂ ದಪ್ಪಗಿರುವ ಹುಳು ಸಿಕ್ಕರೆ ಅದೃಷ್ಟ ಅಂತಲೇ ಹೇಳುತ್ತೇನೆ. ಬ್ಲೂ ಮಾರ್ಮನ್ ಇರಬಹುದು. 2015ರಲ್ಲಿ ಮಹಾರಾಷ್ಟ್ರ ತನ್ನ ರಾಜ್ಯದ ಚಿಟ್ಟೆ ಅಂತ ಘೋಷಿಸಿದ್ದು ಇದನ್ನೇ. ಹಾಗೆ ಒಂದು ಚಿಟ್ಟೆಯನ್ನು ಆರಿಸಿಕೊಂಡ ಮೊದಲ ರಾಜ್ಯವೂ ಇದೇ.

ಇನ್ನೂ ಅನುಮಾನ ಇದ್ದರೆ ಒಂದು ಪರೀಕ್ಷೆ ಇದೆ. ಮೆತ್ತನೆಯ ಬ್ರಷ್‌ನಿಂದ ಬೆನ್ನನ್ನು ಒಂದೇ ಒಂದು ಸಲ ಮುಟ್ಟಿ. ಸ್ವಾಲೋಟೇಲ್ ಆಗಿದ್ದರೆ ತಲೆಯ ಹಿಂದಿನಿಂದ ಕವಲೊಡೆದ, ಒದ್ದೆಯಾದ ಕೊಂಬು ಚಟ್ಟನೆ ಹೊರಗೆ ಬರುತ್ತದೆ. ಹಳಸಿದ ನಿಂಬೆಯಂಥ ಘಾಟು ಬರುತ್ತದೆ. ಇರುವೆಗಳನ್ನು ಹೆದರಿಸಲು ಅದು ಇಟ್ಟುಕೊಂಡ ಆಯುಧ ಇದು. ಮಕ್ಕಳಿಗೆ ತೋರಿಸೋಣ ಅಂತ ಮತ್ತೆ ಮತ್ತೆ ಮುಟ್ಟಬೇಡಿ, ಹುಳು ದಣಿಯುತ್ತದೆ.

ಬೇರೆಯವನ್ನು ಬೇಗ ತಿಳಿಯಬಹುದು. ಕೊಂಬು ಬಾಲದ ತುದಿಯಲ್ಲಿದ್ದರೆ ಅದು ಹಾಕ್ ಮಾತ್ ಎಂಬ ಪತಂಗದ ಹುಳು, ನಂದಿಬಟ್ಟಲಿನಲ್ಲಿ ತುಂಬಾ ಸಿಗುತ್ತದೆ. ಮೈತುಂಬ ಕೂದಲಿದ್ದರೆ ಕಂಬಳಿಹುಳು, ಮುಟ್ಟಿದರೆ ತುರಿಕೆ. ಇಲ್ಲಿ ಪಕ್ಕದ ಮನೆಯ ಕಾಕೂಗೆ ಎಲ್ಲವೂ ಸುರವಂಟ್ (ಮರಾಠಿಯಲ್ಲಿ ಕಂಬಳಿಹುಳು), ಎಲ್ಲವೂ ತುರಿಸುತ್ತವೆ. ಕರಿಬೇವಿನ ಹುಳುವನ್ನು ಅವರ ಅಂಗೈ ಮೇಲೆ ಬಿಟ್ಟು ತೋರಿಸಿದ ಮೇಲೆಯೇ ನಂಬಿದ್ದು. ಇನ್ನು ನಿಂಬೆ ಎಲೆಯಲ್ಲಿ ಬೆಳ್ಳಿಯ ಗೆರೆಗಳು ಸುತ್ತಿ ಸುತ್ತಿ ಹೋಗಿದ್ದರೆ ಅದು ಎಲೆಯ ಒಳಗೆ ಸುರಂಗ ಕೊರೆಯುವ ಬೇರೆಯೇ ಹುಳು. ಅದಕ್ಕೂ ನಮಗೂ ಸಂಬಂಧವಿಲ್ಲ.

ಮೊಟ್ಟೆ ಕಪ್ಪಾಗಿದೆ

ಎಳೆ ಚಿಗುರಿನ ಮೇಲೆ ಸಾಸಿವೆಗಿಂತ ಚಿಕ್ಕದಾದ, ತಿಳಿ ಹಳದಿಯ ಗುಂಡು ಮೊಟ್ಟೆ ಒಂದೊಂದೇ ಇರುತ್ತದೆ. ನಮ್ಮ ಸೆಕೆಯಲ್ಲಿ ಮೂರು ನಾಲ್ಕು ದಿನಕ್ಕೆ ಒಡೆಯುತ್ತದೆ. ಒಡೆಯುವ ಹಿಂದಿನ ದಿನ ಬಣ್ಣ ಕಪ್ಪಾಗುವುದು ಸಹಜ, ಒಳಗಿನ ಮರಿಯ ತಲೆ ಕಾಣಿಸುತ್ತದೆ. ಎರಡು ದಿನ ಕಳೆದರೂ ಪೂರ್ತಿ ಕಪ್ಪಗೆ ಹಾಗೇ ಇದ್ದರೆ ಒಳಗೆ ಬೆಳೆಯುತ್ತಿರುವುದು ಹುಳುವಲ್ಲ, ಮೊಟ್ಟೆಯೊಳಗೆ ಮೊಟ್ಟೆ ಇಡುವ ಪುಟ್ಟ ಕಣಜ. ಆಮೇಲೆ ನೋಡಿದರೆ ಸೂಜಿಮೊನೆಯಷ್ಟು ತೂತು ಇರುತ್ತದೆ. ನಿಮ್ಮ ಹುಳು ಹುಟ್ಟಿದ್ದರೆ ಚಿಪ್ಪೇ ಉಳಿಯುತ್ತಿರಲಿಲ್ಲ, ಅದರ ಮೊದಲ ಊಟವೇ ಆ ಚಿಪ್ಪು. ಇದಕ್ಕೆ ಔಷಧಿ ಇಲ್ಲ. ಮುಂದಿನ ಸಲ ಮೊಟ್ಟೆ ಕಂಡ ದಿನವೇ ಆ ರೆಂಬೆಗೆ ಸೊಳ್ಳೆಪರದೆಯ ಬಟ್ಟೆಯ ಚೀಲ ಕಟ್ಟಿ.

ಹುಳು ಅಲ್ಲಾಡುತ್ತಿಲ್ಲ, ತಿನ್ನುತ್ತಿಲ್ಲ

ನಾನು ಕೈ ಹಾಕಿ ಕೆಡಿಸಿದ ಮೂರರಲ್ಲಿ ಎರಡು ಹೋಗಿದ್ದು ಇಲ್ಲೇ. ಅದಕ್ಕೆ ಇದನ್ನು ನಿಧಾನವಾಗಿ ಹೇಳುತ್ತೇನೆ.

ಹುಳು ಬೆಳೆದ ಹಾಗೆ ಅದರ ಚರ್ಮ ಬೆಳೆಯುವುದಿಲ್ಲ. ಅಂಗಿ ಬಿಗಿಯಾದರೆ ಬಿಚ್ಚಬೇಕು. ಪೊರೆ ಬಿಡುವ ಹಿಂದಿನ ದಿನ ಅದು ಎಲೆಯ ಮೇಲೆ ನೂಲಿನ ತೆಳು ಹಾಸು ನೇಯ್ದುಕೊಳ್ಳುತ್ತದೆ. ಹಿಂದಿನ ಕಾಲುಗಳನ್ನು ಅದಕ್ಕೆ ಸಿಕ್ಕಿಸಿ ಕೂರುತ್ತದೆ. ಮೈ ಮಂಕಾಗುತ್ತದೆ. ತಲೆ ಮೈಗಿಂತ ತೀರಾ ಚಿಕ್ಕದಾಗಿ ಕಾಣುತ್ತದೆ, ಯಾಕಂದರೆ ಹೊಸ ತಲೆ ಹಳೆಯದರ ಹಿಂದೆ ತಯಾರಾಗುತ್ತಿರುತ್ತದೆ. ಒಂದು ದಿನದ ತನಕ ಹೀಗೇ ಇರಬಹುದು. ಆಮೇಲೆ ಹಳೆಯ ತಲೆಯ ಚಿಪ್ಪು ಉದುರುತ್ತದೆ, ಕಾಲುಚೀಲ ಜಾರಿಸಿದ ಹಾಗೆ ಚರ್ಮ ಹಿಂದಕ್ಕೆ ಸರಿಯುತ್ತದೆ. ಹುಳು ಸ್ವಲ್ಪ ಹೊತ್ತು ಸುಧಾರಿಸಿಕೊಂಡು, ತಿರುಗಿ, ತಾನೇ ಬಿಚ್ಚಿದ ಚರ್ಮವನ್ನು ತಿಂದುಬಿಡುತ್ತದೆ.

ಆ ಒಂದು ದಿನದಲ್ಲಿ ಎಲೆ ಒಣಗಿದೆ ಅಂತ ನೀವು ಹುಳುವನ್ನು ಕಿತ್ತು ಹೊಸ ಎಲೆಗೆ ಹಾಕಿದರೆ ಕಾಲಿನ ಹಿಡಿತ ಹೋಗುತ್ತದೆ. ಹಿಡಿತ ಇಲ್ಲದೆ ಚರ್ಮ ಎಳೆದು ಬಿಡಿಸಿಕೊಳ್ಳಲು ಆಗುವುದಿಲ್ಲ. ಅರ್ಧ ಪೊರೆಯಲ್ಲೇ ಸಿಕ್ಕಿಕೊಂಡು ಸಾಯುತ್ತದೆ. ಎಲೆ ಬದಲಿಸಲೇಬೇಕಾದರೆ ಹುಳು ಕೂತ ಎಲೆಯನ್ನು ಕತ್ತರಿಸಿ, ಎಲೆ ಸಮೇತ ಹೊಸ ಕಡ್ಡಿಗೆ ಕಟ್ಟಿ. ಮೈ ಬಿಗಿಯಾಗಿದ್ದರೆ ಕಾಯಿರಿ. ಮೈ ಜೋತುಬಿದ್ದಿದ್ದರೆ ಮಾತ್ರ ಮುಂದೆ ಓದಿ.

ಹಸಿರು ನೀರು ಕಕ್ಕಿ ಒದ್ದಾಡುತ್ತಿದೆ

ವಿಷ. ಬೇರೆ ಏನೂ ಯೋಚಿಸಬೇಡಿ.

ಎರಡನೇ ವರ್ಷ ಆರು ಹುಳು ಕೊನೆಯ ಹಂತಕ್ಕೆ ಬಂದಿದ್ದವು. ಒಂದು ಹುಳು ತಿನ್ನುವುದರಲ್ಲಿ ಬಹುಪಾಲನ್ನು ಈ ಕೊನೆಯ ನಾಲ್ಕೈದು ದಿನಗಳಲ್ಲೇ ತಿನ್ನುತ್ತದೆ. ನಮ್ಮ ಎರಡು ಕುಂಡಗಳೂ ಬೋಳಾದವು. ಸಂಜೆ ಸ್ಟೇಷನ್ ಹತ್ತಿರದ ತರಕಾರಿ ಗಾಡಿಯಿಂದ ಎರಡು ಕಟ್ಟು ಕರಿಬೇವು ತಂದೆ. ಮೂರು ಸಲ ತೊಳೆದೆ, ಬಟ್ಟೆಯಲ್ಲಿ ಒರೆಸಿದೆ, ಹಾಕಿದೆ. ಹಸಿದಿದ್ದವು, ಖುಷಿಯಿಂದ ತಿಂದವು. ರಾತ್ರಿ ಹತ್ತಕ್ಕೆ ಒಂದು ಹುಳು ತಲೆಯನ್ನು ಎಡಕ್ಕೂ ಬಲಕ್ಕೂ ಒಗೆಯುತ್ತಿತ್ತು. ಬಾಯಿಂದ ಹಸಿರು ಹನಿ. ಮೈ ಹಗ್ಗದ ಹಾಗೆ ತಿರುಚಿಕೊಂಡಿತ್ತು. ಬೆಳಗಾಗುವಷ್ಟರಲ್ಲಿ ಆರೂ ಕುಗ್ಗಿ ಬಿದ್ದಿದ್ದವು. ಅತ್ತೆ ಅವತ್ತು ಚಹಾ ಕುಡಿಯಲಿಲ್ಲ. ನನಗೂ ಮಾತು ಬರಲಿಲ್ಲ.

ಕೆಲವು ಕೀಟನಾಶಕಗಳು ಎಲೆಯ ಮೇಲೆ ಕೂರುವುದಿಲ್ಲ, ಗಿಡದ ರಸದಲ್ಲೇ ಸೇರಿಕೊಳ್ಳುತ್ತವೆ. ಇಮಿಡಾಕ್ಲೋಪ್ರಿಡ್ ಅಂಥದ್ದು. ಎಷ್ಟು ತೊಳೆದರೂ ಹೋಗುವುದಿಲ್ಲ. ಹಾಗಾಗಿ ಪೇಟೆಯ ಎಲೆ ಬೇಡವೇ ಬೇಡ. ನರ್ಸರಿಯಿಂದ ತಂದ ಹೊಸ ಗಿಡವನ್ನೂ ಕೂಡಲೇ ಕೊಡಬೇಡಿ. ನಾನು ಕೆಲವು ತಿಂಗಳು ಬೇರೆ ಇಟ್ಟು, ಹಳೆಯ ಎಲೆ ಹೋಗಿ ಹೊಸ ಚಿಗುರು ಬರುವ ತನಕ ಕಾಯುತ್ತೇನೆ. ಆಗಲೂ ಮೊದಲು ಒಂದೇ ಹುಳುವಿಗೆ ಒಂದು ಎಲೆ ಕೊಟ್ಟು ಒಂದು ದಿನ ನೋಡುತ್ತೇನೆ.

ಎಲೆ ಮನೆಯದೇ ಆಗಿದ್ದೂ ಹೀಗಾದರೆ ಮನೆಯೊಳಗೆ ಹುಡುಕಿ. ಸೊಳ್ಳೆ ಬತ್ತಿ ಅಥವಾ ಪ್ಲಗ್ಗಿಗೆ ಹಾಕುವ ಸೊಳ್ಳೆ ಲಿಕ್ವಿಡ್ ಇರುವ ಕೋಣೆಯಲ್ಲಿ ಹುಳು ಇಟ್ಟಿದ್ದೀರಾ? ಸೊಳ್ಳೆ ಕೊಲ್ಲುವುದು ಹುಳುವನ್ನೂ ಕೊಲ್ಲುತ್ತದೆ. ಡೆಂಗಿ ಸಮಯದಲ್ಲಿ ಹೊಗೆ ಬಿಡುವವರು ಬಂದಿದ್ದರಾ? ಸೊಸೈಟಿಯಲ್ಲಿ ಪೆಸ್ಟ್ ಕಂಟ್ರೋಲ್ ಆಗಿತ್ತಾ? ನಾವು ಈಗ ವಾಚ್‌ಮನ್‌ಗೆ ಹೇಳಿಟ್ಟಿದ್ದೇವೆ. ಹೊಗೆ ಬಿಡುವ ದಿನ ಅವರು ಇಂಟರ್‌ಕಾಮ್‌ನಲ್ಲಿ ತಿಳಿಸುತ್ತಾರೆ, ನಾವು ಹುಳುಗಳನ್ನು ಒಳಗೆ ತಂದು ಕಿಟಕಿ ಮುಚ್ಚುತ್ತೇವೆ. ಬೇವಿನ ಎಣ್ಣೆ ಸಾವಯವ, ಏನೂ ಆಗುವುದಿಲ್ಲ ಅನ್ನುವವರಿದ್ದಾರೆ. ಹುಳುವಿಗೆ ಅದೂ ವಿಷವೇ.

ಹಾಗಾದರೆ ಎಲೆ ಮುಗಿದರೆ? ಮುಗಿಯದ ಹಾಗೆ ಮೊದಲೇ ಲೆಕ್ಕ ಹಾಕಿ. ನನ್ನ ಅನುಭವದಲ್ಲಿ ಮೊಣಕಾಲೆತ್ತರದ ಕರಿಬೇವು ಮೂರು ಹುಳುಗಳಿಗೆ ಸಾಕು, ನಾಲ್ಕನೆಯದಕ್ಕೆ ಸಾಲದು. ಔಷಧಿ ಹೊಡೆಯದ ಗಿಡ ಯಾರ ಮನೆಯಲ್ಲಿದೆ ಅಂತ ವಿಚಾರಿಸಿಟ್ಟುಕೊಳ್ಳಿ. ನಮ್ಮ ಕಾಕೂ ಈಗ ತಮ್ಮ ಕಡಿಪತ್ತಾ ಗಿಡದ ಒಂದು ಪಾಲನ್ನು ಹುಳುಗಳಿಗೆ ಅಂತಲೇ ಬಿಟ್ಟಿದ್ದಾರೆ. ಹುಳು ಯಾವ ಗಿಡದಲ್ಲಿ ಸಿಕ್ಕಿತೋ ಆ ಗಿಡದ ಎಲೆಯನ್ನೇ ಕೊಡುವುದು ಒಳ್ಳೆಯದು. ನಿಂಬೆಯಲ್ಲಿ ಬೆಳೆದದ್ದು ಕರಿಬೇವನ್ನು ಮೂಸಿ ಸುಮ್ನೆ ಕೂತದ್ದನ್ನು ನಾನು ನೋಡಿದ್ದೇನೆ.

ಬೆಳಿಗ್ಗೆ ನೋಡಿದರೆ ಹುಳುವೇ ಇಲ್ಲ

ಹಿಂದಿನ ದಿನ ಹುಳು ಎಷ್ಟು ದೊಡ್ಡದಿತ್ತು ಅನ್ನುವುದು ಇಲ್ಲಿ ಮುಖ್ಯ. ಚಿಕ್ಕ ಹುಳು ಕಾಣೆಯಾದರೆ ಇರುವೆ, ಜೇಡ, ಕಣಜ, ಹಲ್ಲಿ ಯಾವುದಾದರೂ ಇರಬಹುದು. ದೊಡ್ಡದು ಕಾಣೆಯಾದರೆ ಹಕ್ಕಿ. ಅಥವಾ ಯಾರೂ ಅಲ್ಲ, ಅದೇ ಗೂಡು ಕಟ್ಟಲು ಹೊರಟಿದೆ. ಗ್ರಿಲ್ಲಿನ ಕೆಳಗೆ, ಕುಂಡದ ಅಂಚಿನ ಹಿಂದೆ, ಬಟ್ಟೆ ಒಣಗಿಸುವ ಹಗ್ಗದ ಕಡೆ ನೋಡಿ. ನಮ್ಮ ಒಂದು ಗೂಡು ಛತ್ರಿಯ ಹಿಡಿಯ ಮೇಲೆ ಸಿಕ್ಕಿತ್ತು.

ಮಡಗಾಂವಿನಲ್ಲಿ ನನ್ನ ತಂಗಿಯ ಮನೆಯ ನಿಂಬೆ ಮರದಲ್ಲಿ ಕೆಂಜಿಗ ಗೂಡು ಕಟ್ಟಿದೆ. ಅಲ್ಲಿ ಮೊಟ್ಟೆ ಕಾಣುತ್ತದೆ, ಹುಳು ಒಂದೂ ಉಳಿಯುವುದಿಲ್ಲ. ಅವಳು ಮೊಟ್ಟೆ ಇರುವ ಚಿಗುರನ್ನು ಕಿತ್ತು ಒಳಗೆ ತಂದು ಸಾಕುತ್ತಾಳೆ. ಕುಂಡಕ್ಕೆ ಇರುವೆ ಹತ್ತುತ್ತಿದ್ದರೆ ಸ್ಟ್ಯಾಂಡಿನ ಕಾಲುಗಳಿಗೆ ವ್ಯಾಸಲೀನ್ ಸವರಿ. ತಟ್ಟೆಯಲ್ಲಿ ನೀರು ಇಡುವ ಹಳೆಯ ಉಪಾಯವೂ ಆಗುತ್ತದೆ, ಆದರೆ ಆ ನೀರನ್ನು ದಿನಾ ಚೆಲ್ಲಬೇಕು. ಇಲ್ಲವಾದರೆ ಸೊಳ್ಳೆ ಮರಿಗಳನ್ನೂ ಸಾಕಿದ ಹಾಗೆ.

ಒಳಗೆ ಸಾಕುವವರು ಕಡ್ಡಿಯನ್ನು ನೀರಿನ ಬಾಟಲಿಯಲ್ಲಿ ಇಡುತ್ತೀರಿ ಅಲ್ವಾ? ಬಾಟಲಿಯ ಬಾಯಿಗೆ ಹತ್ತಿ ತುರುಕಿ. ಹುಳು ಕಡ್ಡಿ ಹಿಡಿದು ಕೆಳಗಿಳಿದು ನೀರಿನೊಳಗೇ ನಡೆದು ಹೋಗಿ ಮುಳುಗುತ್ತದೆ.

ಕಪ್ಪಾಗಿ, ಮೆತ್ತಗಾಗಿ, ಜೋತುಬಿದ್ದಿದೆ

ಇದು ರೋಗ. ವೈರಸ್ ಇರಬಹುದು, ಬ್ಯಾಕ್ಟೀರಿಯಾ ಇರಬಹುದು. ಚರ್ಮ ಮುಟ್ಟಿದರೆ ಒಡೆದು ನೀರಾಗುತ್ತದೆ, ವಾಸನೆ ಬರುತ್ತದೆ. ಆ ಹುಳುವನ್ನು ಉಳಿಸಲು ಆಗುವುದಿಲ್ಲ. ಉಳಿದವನ್ನು ಉಳಿಸಿ. ಅವನ್ನು ಆ ಗಳಿಗೆಯಲ್ಲೇ ಬೇರೆ ಬೇರೆ ಡಬ್ಬಿಗೆ ಹಾಕಿ, ಹಳೆಯ ಡಬ್ಬಿಯನ್ನು ಬ್ಲೀಚ್ ಹಾಕಿದ ನೀರಿನಲ್ಲಿ ತೊಳೆದು ಬಿಸಿಲಿಗೆ ಒಣಗಿಸಿ, ನಿಮ್ಮ ಕೈಯನ್ನೂ ತೊಳೆಯಿರಿ.

ಮುಂಬೈ ಜುಲೈನಲ್ಲಿ ಇದಕ್ಕೆ ದಾರಿ ಮಾಡಿಕೊಡುವುದು ಮುಚ್ಚಳ ಹಾಕಿದ ಪ್ಲಾಸ್ಟಿಕ್ ಡಬ್ಬಿ. ಒಳಗೆ ಎಲೆ ಬೆವರುತ್ತದೆ, ಹಿಕ್ಕೆ ನೆನೆಯುತ್ತದೆ, ಬೂಷ್ಟು ಬರುತ್ತದೆ. ಮುಚ್ಚಳದ ಬದಲು ಸೊಳ್ಳೆಪರದೆಯ ಬಟ್ಟೆ ಕಟ್ಟಿ ರಬ್ಬರ್ ಬ್ಯಾಂಡ್ ಹಾಕಿ. ತಳಕ್ಕೆ ಪೇಪರ್, ದಿನಾ ಬೆಳಿಗ್ಗೆ ಬದಲಿಸಿ. ಎಲೆಯ ನೀರು ಒರೆಸಿಯೇ ಹಾಕಿ. ಒಂದು ಡಬ್ಬಿಗೆ ಎರಡಕ್ಕಿಂತ ಜಾಸ್ತಿ ಬೇಡ. ಪುಣೆಯವರಿಗೆ ಏಪ್ರಿಲ್, ಮೇ ತಿಂಗಳಲ್ಲಿ ಇದರ ಉಲ್ಟಾ ತೊಂದರೆ: ಡಬ್ಬಿ ಬಿಸಿಲಿಗೆ ಬಿದ್ದರೆ ಹುಳು ಒಳಗೇ ಬೇಯುತ್ತದೆ.

ಭೇದಿಯಾಗಿದೆ, ಊಟ ಬಿಟ್ಟು ಓಡಾಡುತ್ತಿದೆ

ದಪ್ಪ ಹಸಿರು ಹುಳು, ಒಂದೇ ಸಲ ನೀರು ನೀರಾದ ದೊಡ್ಡ ಹಿಕ್ಕೆ, ಆಮೇಲೆ ಗೋಡೆ ಹತ್ತುವುದು ಇಳಿಯುವುದು. ಇದು ರೋಗವಲ್ಲ. ಹೊಟ್ಟೆ ಖಾಲಿ ಮಾಡಿಕೊಂಡು ಗೂಡಿಗೆ ಜಾಗ ಹುಡುಕುತ್ತಿದೆ. ಒಂದೆರಡು ಒಣ ಕಡ್ಡಿಗಳನ್ನು ಓರೆಯಾಗಿ ನಿಲ್ಲಿಸಿ, ಬಿಟ್ಟುಬಿಡಿ. ಸ್ವಲ್ಪ ಹೊತ್ತಿನಲ್ಲಿ ತಲೆ ಮೇಲೆ ಮಾಡಿ ಕೂತು, ಬಾಲವನ್ನು ನೂಲಿನ ಗುಡ್ಡೆಗೆ ಅಂಟಿಸಿ, ನಡುವಿಗೊಂದು ನೂಲಿನ ಪಟ್ಟಿ ಸುತ್ತಿಕೊಂಡು, ಮರ ಹತ್ತುವವರ ಹಾಗೆ ಹಿಂದಕ್ಕೆ ಒರಗುತ್ತದೆ. ಮೈ ಕುಗ್ಗಿ ಗೂನಾಗುತ್ತದೆ. ನಾನು ಕೆಡಿಸಿದ ಮೂರನೆಯದು ಈ ಹಂತದಲ್ಲಿತ್ತು. ಸತ್ತೇ ಹೋಯಿತು ಅಂದುಕೊಂಡು ಬಿಡಿಸಿದೆ, ನೂಲು ಹರಿಯಿತು.

ಭೇದಿ ಒಂದು ಸಲಕ್ಕೆ ನಿಲ್ಲದೆ ಮತ್ತೆ ಮತ್ತೆ ಆಗುತ್ತಿದ್ದರೆ, ಹುಳು ಇನ್ನೂ ಚಿಕ್ಕದಿದ್ದರೆ, ಆಗ ಒದ್ದೆ ಎಲೆ ಅಥವಾ ರೋಗ. ಮೇಲಿನ ಭಾಗದಲ್ಲಿ ರೋಗಕ್ಕೆ ಹೇಳಿದ್ದನ್ನೇ ಮಾಡಿ.

ಗೂಡು ಕಂದಾಗಿದೆ, ಬಿದ್ದಿದೆ, ಒಡೆಯುತ್ತಿಲ್ಲ

ಹಸಿರು ಎಲೆಯ ನಡುವೆ ಕಟ್ಟಿದ ಗೂಡು ಸಾಮಾನ್ಯವಾಗಿ ಹಸಿರು, ಒಣ ಕಡ್ಡಿಯ ಮೇಲೆ ಕಟ್ಟಿದ್ದು ಕಂದು. ಎರಡೂ ಆರೋಗ್ಯವೇ. ಬಿದ್ದುಹೋಗಿದ್ದರೆ ಪೇಪರ್ ಸುತ್ತಿ ಚಿಕ್ಕ ಕೋನ್ ಮಾಡಿ, ಕಡಲೆಕಾಯಿ ಪೊಟ್ಟಣದ ಹಾಗೆ. ತಲೆ ಮೇಲೆ ಬರುವಂತೆ ಗೂಡನ್ನು ಅದರಲ್ಲಿ ಕೂರಿಸಿ, ಕೋನನ್ನು ಬಟ್ಟೆಗೆ ಪಿನ್ ಮಾಡಿ. ಚಿಟ್ಟೆ ಹೊರಬಂದು ಹತ್ತಿಕೊಳ್ಳಲು ಒರಟು ಜಾಗ ಹತ್ತಿರ ಇರಲಿ.

ಮಳೆಗಾಲದಲ್ಲಿ ಎಂಟರಿಂದ ಹತ್ತು ದಿನ ಸಾಕು. ಪುಣೆಯ ಡಿಸೆಂಬರ್ ಚಳಿಯಲ್ಲಿ ಇನ್ನೂ ಜಾಸ್ತಿ ದಿನ ಹಿಡಿಯುತ್ತದೆ, ಅವಸರಪಟ್ಟು ಬಿಸಾಡಬೇಡಿ. ಗೂಡು ತೂಕ ಇದ್ದರೆ ಜೀವ ಇದೆ. ಒಣಗಿ ಹಗುರಾದರೆ ಇಲ್ಲ. ಕೊನೆಯ ದಿನ ಗೂಡು ಕಪ್ಪಾಗಿ, ಒಳಗಿನ ರೆಕ್ಕೆಯ ಚುಕ್ಕೆಗಳು ಗಾಜಿನೊಳಗಿದ್ದ ಹಾಗೆ ಕಾಣಿಸಿದರೆ ಮರುದಿನ ಬೆಳಿಗ್ಗೆ ಬೇಗ ಎದ್ದುಬಿಡಿ.

ಗೂಡಿನಿಂದ ತೆಳು ಬಿಳಿ ಎಳೆ ಜೋತಾಡುತ್ತಿದ್ದು, ಡಬ್ಬಿಯ ತಳದಲ್ಲಿ ಕಂದು ಕಾಳಿನಂಥದ್ದು ಬಿದ್ದಿದ್ದರೆ ಅದು ಟಾಕಿನಿಡ್ ಎಂಬ ನೊಣದ ಕೆಲಸ. ಹುಳು ಚಿಕ್ಕದಿದ್ದಾಗಲೇ ನೊಣ ಮೊಟ್ಟೆ ಇಟ್ಟಿರುತ್ತದೆ. ಗೂಡಿನ ಮೇಲೆ ಚಿಕ್ಕ ಚಿಕ್ಕ ತೂತುಗಳಿದ್ದರೆ ಕಣಜ. ಅದು ಗೂಡು ಹಸಿಯಾಗಿ ಮೆತ್ತಗಿರುವಾಗಲೇ ಕಾದು ಚುಚ್ಚುತ್ತದೆ. ಎರಡಕ್ಕೂ ಉಪಾಯ ಒಂದೇ, ಮೊಟ್ಟೆಯ ದಿನದಿಂದ ಗೂಡು ಗಟ್ಟಿಯಾಗುವ ತನಕ ಪರದೆ. ಆ ಕಾಳುಗಳನ್ನು ನಾನು ತುಳಿಯುವುದಿಲ್ಲ, ಕೆಳಗಿನ ಗಿಡಗಳ ಬುಡಕ್ಕೆ ಹಾಕಿ ಬರುತ್ತೇನೆ. ಆ ನೊಣವೂ ಇಲ್ಲಿಯದೇ.

ಇಷ್ಟೆಲ್ಲ ಆದರೂ ಹುಳು ಸಿಗಲಿಲ್ಲ ಅಂತ ಬೊರಿವಲಿಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದಿಂದ ತರಬೇಡಿ. ಕಾಡಿನ ಜೀವ ಕಾಡಿನಲ್ಲೇ ಇರಬೇಕು, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೂ ಅದನ್ನೇ ಹೇಳುತ್ತದೆ. ಚಿಟ್ಟೆ ನೋಡಬೇಕೆಂದರೆ ಠಾಣೆಯ ಘೋಡ್‌ಬಂದರ್ ರಸ್ತೆಯ ಓವಳೇಕರ್ ವಾಡಿಗೆ ಹೋಗಿ. ಸಾಕಬೇಕೆಂದರೆ ಕರಿಬೇವು ನೆಡಿ, ಅವೇ ಬರುತ್ತವೆ.

ರೆಕ್ಕೆ ಮುದುಡಿದೆ

ಹೊರಬಂದ ಮೊದಲ ಕೆಲವು ನಿಮಿಷ ಎಲ್ಲ ಚಿಟ್ಟೆಯ ರೆಕ್ಕೆಯೂ ಮುದುಡಿಯೇ ಇರುತ್ತದೆ. ಅದು ಎತ್ತರಕ್ಕೆ ಹತ್ತಿ, ರೆಕ್ಕೆ ಕೆಳಗೆ ಬಿಟ್ಟು ನೇತಾಡಬೇಕು. ಡಬ್ಬಿಯ ನುಣುಪು ಗೋಡೆಯಲ್ಲಿ ಜಾರಿ ಬಿದ್ದಿದ್ದರೆ ತಕ್ಷಣ ಒಂದು ಕಡ್ಡಿ ಕೊಟ್ಟು ಹತ್ತಿಸಿ. ಬಣ್ಣದ ನೀರು ತೊಟ್ಟಿಕ್ಕಿದರೆ ರಕ್ತ ಅಂತ ಹೆದರಬೇಡಿ, ಅದು ಗೂಡಿನೊಳಗೆ ಉಳಿದ ಕಸ. ಒಂದೆರಡು ಗಂಟೆ ಕಳೆದು ರೆಕ್ಕೆ ಮುದುಡಿದ ಹಾಗೇ ಗಟ್ಟಿಯಾಗಿಬಿಟ್ಟರೆ ಸರಿಪಡಿಸಲು ಆಗುವುದಿಲ್ಲ.

ರೆಕ್ಕೆ ಸರಿಯಾಗಿದೆ, ಆದರೆ ಹಾರುತ್ತಿಲ್ಲ ಅಂದರೆ ಹೊರಗೆ ನೋಡಿ. ಜೋರು ಮಳೆ ಇರಬಹುದು. ಪರದೆಯೊಳಗೆ ಒಂದು ರಾತ್ರಿ ಇರಲಿ. ಮರುದಿನ ಮೋಡ ಸರಿದು ಬಿಸಿಲು ಬಿದ್ದಾಗ ಗ್ರಿಲ್ಲಿನ ಹತ್ತಿರ ಪರದೆ ಬಿಚ್ಚಿ. ನಮ್ಮಲ್ಲಿ ಆ ಕೆಲಸ ಅತ್ತೆಯದು. ಅವರು ಬಿಚ್ಚಿ, ಎರಡು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತಾರೆ.